ಬೂದಿ ಹಾಕಿ ಬೆಳಗಿದ ಕೋವಿ

ನಾನು ಹುಟ್ಟಾ ಪುಕ್ಕಲಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆ ವರ್ಷ ನಾನು ಹೇಳಿದ್ದನ್ನು ಮನೆಯಲ್ಲಿ ಯಾರೂ ನಂಬದೇ ಹೋದದ್ದಕ್ಕೆ ಇದೇ ಕಾರಣ. ಕುಕ್ಕರ್ ಕೂಗುವ ಹೊತ್ತಿಗೆ ನಾನು ಅಡುಗೆಮನೆಯಲ್ಲಿ ಇರುವುದಿಲ್ಲ. ಸಿಲಿಂಡರ್ ಬದಲಿಸುವವನು ಬಂದರೆ ಬಾಲ್ಕನಿಗೆ ಹೋಗಿ ನಿಲ್ಲುತ್ತೇನೆ. ಬಾಂಬಿನ ಭಯದಿಂದ ಆಗಿನ ದೆಹಲಿಯ ಬಸ್ಸುಗಳಲ್ಲಿ, ಕೂರುವ ಮೊದಲು ಸೀಟಿನ ಕೆಳಗೆ ನೋಡಿ ಎಂದು ಬರೆದಿರುತ್ತಿದ್ದರು. ಉಳಿದವರು ಅದನ್ನು ಓದಿ ಸುಮ್ಮನೆ ಕೂರುತ್ತಿದ್ದರು, ನಾನು ನಿಜವಾಗಿಯೂ ಸೆರಗು ಸಿಕ್ಕಿಸಿಕೊಂಡು ಬಗ್ಗಿ ನೋಡುತ್ತಿದ್ದೆ. ಅಕ್ಕಪಕ್ಕದವರು ನಗುತ್ತಿದ್ದರು. ನಗಲಿ, ನಾನು ನೋಡಿದ ಸೀಟಿನ ಮೇಲೆ ಅವರೂ ನೆಮ್ಮದಿಯಾಗಿ ಕೂರುತ್ತಿದ್ದರಲ್ಲ.

ಇಂಥವಳನ್ನು ಕೋವಿ ಇರುವ ಮನೆಗೆ ಕೊಟ್ಟರು. ಕೊಟ್ಟರು ಎನ್ನುವುದೂ ಪೂರ್ತಿ ನಿಜವಲ್ಲ, ನಾನೇ ಇಷ್ಟಪಟ್ಟು ಹೋದೆ. ನಾನು ಮೈಸೂರಿನ ಮೇಷ್ಟರ ಮಗಳು, ನನ್ನ ಗಂಡ ಕೊಡಗಿನವರು. ಮಾವ ಕೇಂದ್ರ ಸರ್ಕಾರದ ನೌಕರಿಯಲ್ಲಿ ದೆಹಲಿಗೆ ಬಂದು, ನಿವೃತ್ತಿಯಾದ ಮೇಲೆ ಮಯೂರ್ ವಿಹಾರದ ಫ್ಲ್ಯಾಟಿನಲ್ಲಿ ನಮ್ಮ ಜೊತೆಗೇ ಇದ್ದರು. ಅವರ ಕೋಣೆಯ ಉಕ್ಕಿನ ಬೀರುವಿನಲ್ಲಿ, ಬಟ್ಟೆಯ ಚೀಲದೊಳಗೆ, ಅವರ ಮುತ್ತಜ್ಜನ ಕಾಲದ ಜೋಡುನಳಿಗೆ ಕೋವಿ ಇತ್ತು. ಲೈಸೆನ್ಸು ಸರಿಯಾಗಿತ್ತು, ಅದೂ ದೇಶದಲ್ಲೆಲ್ಲ ಒಯ್ಯಬಹುದಾದ ಲೈಸೆನ್ಸು. ಬೀರುವಿನ ಕೀಲಿ ಮಾವನ ಉಡಿದಾರದಲ್ಲೇ ಇರುತ್ತಿತ್ತು. ಆದರೂ ಆ ಕೋಣೆಯ ಕಸ ಗುಡಿಸುವಾಗ ನಾನು ಬೀರುವಿಗೆ ಬೆನ್ನು ಕೊಟ್ಟವಳಲ್ಲ.

ಕೊಡವರಿಗೆ ಸೆಪ್ಟೆಂಬರ್ ಮೊದಲಲ್ಲಿ ಆಯುಧ ಪೂಜೆಯ ಹಬ್ಬವಿದೆ, ಕೈಲ್ ಮುಹೂರ್ತ ಎನ್ನುತ್ತಾರೆ. ಕೋವಿಗೆ ಗಂಧ ಹಚ್ಚಿ, ಹೂವಿಟ್ಟು, ಪೂಜೆ ಮಾಡಿ, ಆಮೇಲೆ ಬಯಲಿಗೆ ಹೋಗಿ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುತ್ತಾರೆ. ಹಬ್ಬದ ಹಿಂದಿನ ದಿನ ಕೋವಿ ಶುಚಿ ಮಾಡುವುದು ಎಲ್ಲರ ಮನೆಯಲ್ಲೂ ಉಂಟು. ನಮ್ಮ ಮನೆಯಲ್ಲಿ ಮಾತ್ರ ಅದು ಹೆಂಗಸರ ಕೆಲಸ. ಮದುವೆಯಾದ ಮೊದಲ ವರ್ಷವೇ ಅತ್ತೆ ಕೋವಿಯನ್ನು ಬಿಚ್ಚಿ, ಎರಡೂ ನಳಿಗೆಗಳು ಒಟ್ಟಿಗಿದ್ದ ಭಾಗವನ್ನು ನನ್ನ ತೊಡೆಯ ಮೇಲಿಟ್ಟು, ದೀಪದ ಕಂಬ ಬೆಳಗುವ ಹಾಗೆ ಬೆಳಗು ಎಂದಿದ್ದರು. ಮೊದಲು ತುಕ್ಕಿಗೆ ಎಮರಿ ಕಾಗದ, ಆಮೇಲೆ ಜರಡಿ ಹಿಡಿದ ಬೂದಿ, ಕೊನೆಗೆ ತೆಂಗಿನೆಣ್ಣೆ. ಅವರ ಅತ್ತೆ ಅವರಿಗೆ ಕಲಿಸಿದ್ದೂ ಅದೇ ಅಂತೆ. ಅತ್ತೆ ತೀರಿಕೊಂಡ ಮೇಲೂ ನಾನು ಬಿಡಲಿಲ್ಲ. ದೆಹಲಿಯಲ್ಲಿ ಬೂದಿ ಎಲ್ಲಿಂದ ತರಬೇಕು? ಮೆಟ್ಟಿಲ ಕೆಳಗೆ ಕೂರುತ್ತಿದ್ದ ಇಸ್ತ್ರಿ ಭಯ್ಯಾನ ಪೆಟ್ಟಿಗೆಯಲ್ಲಿ ಉಳಿದ ಇದ್ದಿಲ ಬೂದಿಯನ್ನು ಕೇಳಿ ತಂದು, ಹಳೆಯ ಸೀರೆಯ ತುಂಡಿನಲ್ಲಿ ಸೋಸಿ, ಭಯಭಕ್ತಿಯಿಂದ ಉಜ್ಜುತ್ತಿದ್ದೆ. ಭಯವೇ ಹೆಚ್ಚು. ನಮ್ಮ ಕೋವಿಯ ನಳಿಗೆಯಲ್ಲಿ ಮುಖ ನೋಡಿಕೊಳ್ಳಬಹುದು ಎಂದು ಮಾವ ಬಂದವರಿಗೆಲ್ಲ ಹೇಳಿಕೊಂಡು ಉಬ್ಬುತ್ತಿದ್ದರು.

ಆ ವರ್ಷ ನನ್ನ ಮಗಳು ಕಾಲೇಜಿಗೆ ಸೇರಿದ್ದಳು. ಗಂಡನಿಗೆ ಶಿಲ್ಲಾಂಗಿಗೆ ವರ್ಗವಾಗಿತ್ತು. ಮಾವನ ಒಂದು ಕಣ್ಣಿಗೆ ಪೊರೆ ಬಂದಿತ್ತು, ಲೈಸೆನ್ಸ್ ನವೀಕರಣವೂ ಹತ್ತಿರ ಬಂದಿತ್ತು. ಇದೇ ಸಮಯವೆಂದು ನಾನು ಮೆಲ್ಲಗೆ, ಇನ್ನು ಮಾರಿಬಿಡಬಹುದಲ್ಲ ಮಾವ, ಎಂದು ಶುರು ಮಾಡಿದೆ. ಅವರು ಬೇಡವೆನ್ನಲಿಲ್ಲ. ಅದರ ವಯಸ್ಸೆಷ್ಟು, ಬೆಲೆಯೆಷ್ಟು ಎಂದು ತಿಳಿದವರಿಗೆ ತೋರಿಸೋಣ, ಆಮೇಲೆ ನೋಡೋಣ ಎಂದರು. ನನಗೆ ಸಂತೋಷವಾಗುವಷ್ಟರಲ್ಲಿ ಇನ್ನೊಂದು ಮಾತೂ ಹೇಳಿದರು. ದೆಹಲಿಗೆ ಬಂದಾಗಿನಿಂದ ಆ ಕೋವಿ ಬಾಯಿ ತೆರೆದಿಲ್ಲ, ಮಾರುವ ಮೊದಲು ಒಮ್ಮೆಯಾದರೂ ಮೊಮ್ಮಗಳು ಅದರಿಂದ ಕಾಯಿ ಹೊಡೆಯಬೇಕು, ಈ ಹಬ್ಬಕ್ಕೇ ಆಗಲಿ ಎಂದು. ಮಗಳು ಕುಣಿದಾಡಿಬಿಟ್ಟಳು. ನಾನು ಎದ್ದು ಬಾಲ್ಕನಿಗೆ ಹೋಗಿ ನಿಂತೆ.

ಹಬ್ಬಕ್ಕೆ ಒಂದು ವಾರ ಮುಂಚೆ ಕೋವಿಯನ್ನು ಚೀಲದಲ್ಲಿ ಹಾಕಿಕೊಂಡು ಮಾವ, ನಾನು ಟ್ಯಾಕ್ಸಿಯಲ್ಲಿ ಕಾಶ್ಮೀರಿ ಗೇಟಿಗೆ ಹೊರಟೆವು. ಯಮುನೆಯ ಸೇತುವೆಯ ಮೇಲೆ ಪೊಲೀಸರ ತಪಾಸಣೆ. ಪೇಟೆಯಲ್ಲಿ ಬಾಂಬು ಸಿಡಿದರೆ ಊರಿಗೆ ಊರೇ ನಡುಗುತ್ತಿದ್ದ ಕಾಲ ಅದು. ಪೇದೆ ಕಿಟಕಿಗೆ ಬಗ್ಗಿ, ಚೀಲದಲ್ಲೇನು ಎಂದು ಕೇಳಿದ. ಮಾವ ನಿರಾಳವಾಗಿ, ಬಂದೂಕು, ಎಂದರು. ನನಗೆ ಜೀವ ಬಾಯಿಗೆ ಬಂತು. ಲೈಸೆನ್ಸಿನ ಪುಸ್ತಕ ನೋಡಿ ಅವನು ಹೋಗಲು ಬಿಟ್ಟ. ನಾನು ಮಾತ್ರ ಅಂಗಡಿ ಬರುವವರೆಗೂ ದೇವರ ನಾಮ ಹೇಳಿಕೊಳ್ಳುತ್ತಲೇ ಇದ್ದೆ.

ಅಂಗಡಿಯವರು ವಯಸ್ಸಾದ ಪಂಜಾಬಿ. ತಾತನ ಕಾಲದಿಂದ ಅದೇ ವ್ಯಾಪಾರ, ಅದರ ಜಂಬವೂ ಸಾಕಷ್ಟಿತ್ತು. ಚಹಾ ತರಿಸಿ, ತಾವು ಯಾವ ಯಾವ ರಾಜರ ಕೋವಿಗಳಿಗೆ ಬೆಲೆ ಕಟ್ಟಿದ್ದೇವೆಂದು ಹೇಳಿ ಮುಗಿಸಿದ ಮೇಲೆಯೇ ನಮ್ಮ ಚೀಲ ಬಿಚ್ಚಿದರು. ನಳಿಗೆಯನ್ನು ಬೆಳಕಿಗೆ ಹಿಡಿದು ಅತ್ತಿತ್ತ ತಿರುಗಿಸಿ, ಇದನ್ನು ಹೀಗೆ ಉಜ್ಜಿದವರು ಯಾರು ಎಂದು ಕೇಳಿದರು. ಮಾವ ಹೆಮ್ಮೆಯಿಂದ ನನ್ನ ಕಡೆ ಕೈ ತೋರಿಸಿ, ನಮ್ಮ ಸೊಸೆ, ಎಂದರು. ಅಂಗಡಿಯವರು ನನ್ನನ್ನು ನೋಡಿದ ರೀತಿಯಲ್ಲಿ ಮೆಚ್ಚುಗೆಯೇನೂ ಕಾಣಲಿಲ್ಲ.

ಹಳೆಯ ಕೋವಿಯ ವಯಸ್ಸು ತಿಳಿಯುವುದು ಹೇಗೆಂದು ಆ ದಿನ ನಾನು ಬೇಡವೆಂದರೂ ಕಲಿತೆ. ಇಂಗ್ಲೆಂಡಿನಲ್ಲಿ ಕೋವಿ ತಯಾರಾದ ಮೇಲೆ ಬೇಕೆಂದೇ ಹೆಚ್ಚು ಮದ್ದು ತುಂಬಿ ಹಾರಿಸಿ ನೋಡುತ್ತಿದ್ದರಂತೆ. ತಡೆದುಕೊಂಡರೆ ನಳಿಗೆಯ ಬುಡದಲ್ಲಿ, ಕೆಳಗಿನ ಚಪ್ಪಟೆ ಜಾಗದಲ್ಲಿ, ಕಿರೀಟದ ಮುದ್ರೆ ಒತ್ತುತ್ತಿದ್ದರು. ಮುದ್ರೆಯ ಆಕಾರ ಕಾಲಕಾಲಕ್ಕೆ ಬದಲಾಗುತ್ತಿತ್ತು, ಹಾಗಾಗಿ ಅದನ್ನು ಓದಬಲ್ಲವನಿಗೆ ಕೋವಿಯ ವಯಸ್ಸು ಗೊತ್ತಾಗುತ್ತದೆ. ಯಾವ ಮದ್ದಿಗೆ ಪರೀಕ್ಷೆ ಮಾಡಿದ್ದು ಎಂದೂ ಗೊತ್ತಾಗುತ್ತದೆ. ಹಳೆಯ ಹೊಗೆಮದ್ದು ಮೆಲ್ಲಗೆ ಉರಿಯುವಂಥದ್ದು. ಈಗ ಕೋವಿಗೆ ತುಂಬುವ ತೋಟಾಗಳಲ್ಲಿರುವ ಮದ್ದಿನ ಒತ್ತಡವೇ ಬೇರೆ, ಅದಕ್ಕೆ ಬೇರೆ ಮುದ್ರೆ. ಅವರು ಕಣ್ಣಿಗೆ ಭೂತಗನ್ನಡಿ ಒತ್ತಿಕೊಂಡು ನಮ್ಮ ಕೋವಿಯ ಬುಡವನ್ನು ಎಷ್ಟೋ ಹೊತ್ತು ನೋಡಿದರು. ಅರ್ಧ ಕಿರೀಟ ಸಿಕ್ಕಿತು. ಎರಡು ಮೂರು ಅಕ್ಷರಗಳ ನೆರಳು ಸಿಕ್ಕಿತು. ಮಿಕ್ಕಿದ್ದೆಲ್ಲ ಕನ್ನಡಿಯಂತೆ ನುಣುಪು. ಮಿಕ್ಕಿದ್ದು ನಮ್ಮ ಇಸ್ತ್ರಿ ಭಯ್ಯಾನ ಬೂದಿಯಲ್ಲಿ ಹೋಗಿತ್ತು.

ಆಮೇಲೆ ಅವರು ಸಣ್ಣ ಸೀಸೆಯಿಂದ ಒಂದು ತೊಟ್ಟು ದ್ರಾವಣವನ್ನು ಬೆಂಕಿಕಡ್ಡಿಯ ತುದಿಯಲ್ಲಿ ತೆಗೆದು ನಳಿಗೆಯ ಅಡಿಯಲ್ಲಿ ಹಚ್ಚಿ ಕಾದರು. ಒರೆಸಿದಾಗ, ಮರದ ಹಲಗೆಯಲ್ಲಿ ಕಾಣುವ ಗೆರೆಗಳ ಹಾಗೆ, ಸುರುಳಿ ಸುರುಳಿ ಗೆರೆಗಳು ಎದ್ದು ಬಂದವು. ನೋಡಲು ಚೆಂದವೇ ಇತ್ತು. ಅಂಗಡಿಯವರು ಹೇಳಿದ್ದು ಕೇಳಿ ಚೆಂದವೆಲ್ಲ ಇಳಿದುಹೋಯಿತು. ಇದು ಒಂದೇ ಉಕ್ಕಿನ ಕೊಳವೆಯಲ್ಲ. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹೊಸೆದು, ಸರಳಿಗೆ ಸುತ್ತಿ, ಕಾಯಿಸಿ ಬಡಿದು ಕೂಡಿಸಿದ್ದು. ಪ್ರತಿ ಗೆರೆಯೂ ಒಂದು ಬೆಸುಗೆ. ನೂರು ವರ್ಷದ ಮೇಲಾಗಿದೆ. ಆಗಿನ ಹೊಗೆಮದ್ದಿಗೆ ಮಾಡಿದ್ದು. ಈಗಿನ ಮದ್ದಿನ ಮುದ್ರೆ ಇದಕ್ಕೆ ಬಿದ್ದೇ ಇಲ್ಲ.

ಬಿದ್ದಿತ್ತೇನೋ, ಉಜ್ಜಿ ಹೋಗಿರಬಹುದು, ಎಂದರು ಮಾವ. ನಾನು ಇದನ್ನು ಎಷ್ಟೋ ವರ್ಷ ಹಾರಿಸಿದ್ದೇನೆ, ಎಂದೂ ಸೇರಿಸಿದರು. ಯಾವ ತೋಟಾ ಹಾಕಿ, ಎಂದು ಅಂಗಡಿಯವರು ಕೇಳಿದರು. ಹಿತ್ತಾಳೆಯ ತೋಟಾಗಳಿಗೆ ತಾವೇ ಹೊಗೆಮದ್ದು ತುಂಬಿಕೊಳ್ಳುತ್ತಿದ್ದುದನ್ನು ಮಾವ ಹೇಳಿದರು. ಅಂಗಡಿಯವರು ತಲೆಯಾಡಿಸಿ, ನಳಿಗೆಯ ಗೋಡೆಯನ್ನು ಬೆರಳಲ್ಲಿ ತಟ್ಟಿದರು. ಉಜ್ಜಿ ಉಜ್ಜಿ ಅದು ಎಷ್ಟು ತೆಳುವಾಗಿದೆಯೋ ತಮಗೂ ಹೇಳಲಾಗದು ಎಂದರು. ಆಮೇಲೆ ನನ್ನ ಕಡೆ ತಿರುಗಿ ಹಿಂದಿಯಲ್ಲಿ ಹೇಳಿದ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ.

"ತಾಯೀ, ಇದು ಸಿಡಿದರೆ ಮೊದಲು ಹೋಗೋದು ಹೊಡೆಯುವವರ ಎಡಗೈ. ಆಮೇಲೆ ಕಣ್ಣು."

ಬೆಲೆಯ ಮಾತೂ ಬಂತು. ಮೇಲಿನ ಕಂದು ಬಣ್ಣ, ಗೆರೆಗಳು, ಮುದ್ರೆಗಳು ಇದ್ದ ಹಾಗೇ ಇದ್ದಿದ್ದರೆ ಇಂಥದ್ದನ್ನು ಕೂಡಿಡುವವರು ಮನೆ ಹುಡುಕಿಕೊಂಡು ಬರುತ್ತಿದ್ದರಂತೆ. ಈಗ ಗೋಡೆಗೆ ನೇತುಹಾಕುವ ಸಾಮಾನಿನ ಬೆಲೆ. ಬೇಕಾದರೆ ತಾವೇ ಇಟ್ಟುಕೊಳ್ಳುತ್ತೇವೆ ಎಂದರು. ಆ ಕೊನೆಯ ಮಾತೊಂದನ್ನು ಅವರು ಆಡಬಾರದಿತ್ತು. ಮಾವನ ಮುಖ ಬಿಗಿಯಿತು. ಹೊಸ ತೋಟಾದ ಪೆಟ್ಟಿಗೆಯೊಂದನ್ನು ಕೇಳಿ ಪಡೆದು, ಇದು ಇನ್ನೊಂದು ಕೋವಿಗೆ ಎಂದು ಸುಳ್ಳು ಹೇಳಿ, ಚೀಲ ಕಟ್ಟಿಕೊಂಡು ಎದ್ದರು. ದಾರಿಯುದ್ದಕ್ಕೂ ಆ ಪೆಟ್ಟಿಗೆ ನಮ್ಮಿಬ್ಬರ ನಡುವೆ ಸೀಟಿನ ಮೇಲೆ ಕುಳಿತಿತ್ತು.

ಮನೆಗೆ ಬಂದ ಮೇಲೆ ನಾನು ಬಾಯಿಬಿಟ್ಟೆ. ಮಾವ ಊಟದ ತಟ್ಟೆಯಿಂದ ತಲೆಯೆತ್ತದೆ ಹೇಳಿದರು.

"ಅವನಿಗೆ ಕೋವಿ ಬೇಕಮ್ಮ, ಅಷ್ಟೇ. ಮೊದಲು ಸತ್ತಿದೆ ಅನ್ನೋದು, ಆಮೇಲೆ ಹೆಣ ಎತ್ತೋಕೆ ತಾನೇ ಕೈ ಚಾಚೋದು."

ಒಂದು ಮಾತಿಗೆ ಅವರ ಅನುಮಾನ ತಪ್ಪೆಂದು ನಾನೂ ಹೇಳಲಾರೆ. ವ್ಯಾಪಾರಿಗಳು ಹಾಗೆ ಮಾಡುವುದು ಉಂಟು. ಶಿಲ್ಲಾಂಗಿಗೆ ಫೋನ್ ಮಾಡಿದರೆ ನನ್ನವರು, ಅಪ್ಪ ಚಿಕ್ಕಂದಿನಿಂದ ಹಾರಿಸಿದ ಕೋವಿ, ನಿನಗಿಂತ ಅವರಿಗೆ ಚೆನ್ನಾಗಿ ಗೊತ್ತು, ಸುಮ್ಮನೆ ತಲೆ ಕೆಡಿಸಿಕೊಳ್ಳಬೇಡ ಎಂದರು. ಮಗಳ ಹತ್ತಿರ ಅಂಗಡಿಯವರ ಮಾತನ್ನು ಇದ್ದದ್ದು ಇದ್ದ ಹಾಗೆ ಒಪ್ಪಿಸಿದೆ. ಅವಳು ನನ್ನ ಕೆನ್ನೆ ಹಿಂಡಿದಳು.

"ಮಮ್ಮಿ ಪ್ಲೀಸ್ ಯಾರ್. ನಿಂಗೆ ಕುಕ್ಕರ್ ಕಂಡ್ರೂ ಡರ್ ಲಗ್ತಾ ಹೈ. ತಾತ ಇರ್ತಾರಲ್ಲ."

ಇಷ್ಟು ವರ್ಷ ಎಲ್ಲದಕ್ಕೂ ಹೆದರಿದ್ದರ ಫಲ ಇದು. ಸಿಲಿಂಡರಿಗೂ ಲಿಫ್ಟಿಗೂ ಹೆದರಿ ಹೆದರಿ ನನ್ನ ಹೆದರಿಕೆಗೆ ಮನೆಯಲ್ಲಿ ಮೂರು ಕಾಸಿನ ಮರ್ಯಾದೆ ಉಳಿದಿರಲಿಲ್ಲ. ನಿಜವಾಗಿ ಹೆದರಬೇಕಾದ್ದು ಎದುರಿಗೆ ಬಂದಾಗ ನಾನು ಆಡಿದ್ದೆಲ್ಲ ದಿನನಿತ್ಯದ ಗೊಣಗಾಟವಾಗಿ ಕೇಳಿಸುತ್ತಿತ್ತು. ಸಿಟ್ಟು ಬಂತು, ಅಳುವೂ ಬಂತು. ಆ ವಾರವೆಲ್ಲ ಮಗಳು ಎಡಗೈಯಲ್ಲಿ ಫೋನ್ ಹಿಡಿದರೆ, ತಲೆಗೂದಲು ಕಟ್ಟಿದರೆ, ನಾನು ಆ ಕೈಯನ್ನೇ ನೋಡುತ್ತಿದ್ದೆ. ಕೀಲಿ ಕದಿಯಬೇಕೆಂದುಕೊಂಡೆ. ಮಾವನ ಉಡಿದಾರಕ್ಕೆ ಕೈ ಹಾಕುವುದುಂಟೇ? ತೋಟಾಗಳನ್ನು ನೀರಿನಲ್ಲಿ ನೆನೆಸಬೇಕೆಂದುಕೊಂಡೆ. ಅವು ಪ್ಲಾಸ್ಟಿಕ್ಕಿನವು, ನೀರಿಗೆ ಜಗ್ಗುವಂತಿರಲಿಲ್ಲ, ಅದೂ ಅಲ್ಲದೆ ಮುಟ್ಟುವ ಧೈರ್ಯ ಯಾರಿಗಿತ್ತು?

ಹಬ್ಬದ ಹಿಂದಿನ ದಿನ ಮಾವ ಎಂದಿನಂತೆ ನಳಿಗೆ ತಂದು ಕೊಟ್ಟರು. ಬೂದಿ ಹಾಕುವುದಿಲ್ಲ ಎಂದೆ. ಬರೀ ಎಣ್ಣೆ ಬಟ್ಟೆಯಲ್ಲಿ ಒರೆಸಿದೆ. ದ್ರಾವಣ ಬಿದ್ದಿದ್ದ ಜಾಗದಲ್ಲಿ ಗೆರೆಗಳು ಹಾಗೇ ಇದ್ದವು. ಅದನ್ನು ನೋಡುತ್ತಾ ಕೂತೆ. ಮುದ್ರೆ ಇರಲೇ ಇಲ್ಲವೋ, ಇದ್ದದ್ದನ್ನು ನಾನೇ ಉಜ್ಜಿ ತೆಗೆದೆನೋ, ಅದನ್ನು ತಿಳಿಯುವ ದಾರಿಯೇ ಇರಲಿಲ್ಲ. ಕೋವಿ ಗಟ್ಟಿಯಾಗಿದೆ ಎಂದು ಹೇಳಬಲ್ಲ ಗುರುತು, ಇಲ್ಲ ಎಂದು ಹೇಳಬಲ್ಲ ಗುರುತು, ಎರಡೂ ಹೋಗಿದ್ದವು. ಇನ್ನು ಹಾರಿಸಿಯೇ ನೋಡಬೇಕು. ಆ ಯೋಚನೆ ಬಂದದ್ದೇ ನಳಿಗೆಯನ್ನು ಕೆಳಗಿಟ್ಟು ಎದ್ದುಬಿಟ್ಟೆ.

ಮಾರನೆಯ ದಿನ ಗುಡಗಾಂವ್ ದಾಟಿ ಸೋಹ್ನಾ ಕಡೆಗೆ ಹೋಗುವ ದಾರಿಯ ಒಂದು ತೋಟದಲ್ಲಿ ಎಲ್ಲರೂ ಸೇರಿದೆವು. ಅದು ಸೈನ್ಯದಿಂದ ನಿವೃತ್ತರಾದ, ಕೊಡಗಿನವರೇ ಆದ ಒಬ್ಬರ ಜಾಗ. ಸಾಸಿವೆ ಬಿತ್ತಲು ಹದ ಮಾಡಿಟ್ಟ ಹೊಲ, ಆಚೆ ಒಂದು ಬೇವಿನ ಮರ, ಅದರ ಹಿಂದೆ ಮಣ್ಣಿನ ದಿಬ್ಬ. ಕೋವಿಗಳನ್ನೆಲ್ಲ ಸಾಲಾಗಿ ಇಟ್ಟು ಚೆಂಡುಹೂ ಸಿಕ್ಕಿಸಿ ಪೂಜೆಯಾಯಿತು. ನಮ್ಮದೇ ಎಲ್ಲಕ್ಕಿಂತ ಹೊಳೆಯುತ್ತಿತ್ತು. ನೋಡಿದವರೆಲ್ಲ ಹೊಗಳಿದರು.

ಬೇವಿನ ಕೊಂಬೆಗೆ ಕಾಯಿ ಕಟ್ಟಿದರು. ಮಾವ ಮಗಳನ್ನು ಕರೆದು, ಹೇಗೆ ನಿಲ್ಲಬೇಕು, ಹಿಡಿಯನ್ನು ಭುಜಕ್ಕೆ ಹೇಗೆ ಒತ್ತಬೇಕು ಎಂದು ತೋರಿಸಿದರು. ಎಡಗೈ ಮುಂದೆ ಚಾಚಿ ನಳಿಗೆಯನ್ನು ಕೆಳಗಿನಿಂದ ಅಂಗೈಯಲ್ಲಿ ಹಿಡಿಯಬೇಕಂತೆ. ಅವಳು ಹಿಡಿದಳು. ಮಾವ ಜೇಬಿನಿಂದ ಕೆಂಪು ತೋಟಾಗಳನ್ನು ತೆಗೆದರು. ಧೈರ್ಯ ಎಲ್ಲಿಂದ ಬಂತೋ ನನಗೆ ಗೊತ್ತಿಲ್ಲ, ನಾನು ನಡೆದು ಹೋಗಿ ಮಗಳಿಗೂ ಮರಕ್ಕೂ ನಡುವೆ ನಿಂತುಬಿಟ್ಟೆ. ಕೋವಿಯ ಎದುರಿಗೆ ಯಾರೂ ನಿಲ್ಲಬಾರದು ಎಂಬ ಅಷ್ಟು ತಿಳಿವಳಿಕೆಯೂ ಇಲ್ಲವೇ ಎಂದು ಯಾರೋ ಗದರಿದರು. ಮಗಳು ನಾಚಿಕೆಯಿಂದ ಮುಖ ಆ ಕಡೆ ತಿರುಗಿಸಿದಳು.

"ನಾನು ಬಿಡೋದಿಲ್ಲ ಮಾವ," ಎಂದೆ. "ನೀವು ಏನಾದ್ರೂ ಅನ್ನಿ. ಅವಳ ಕೈಗೆ ಇದನ್ನ ಕೊಡೋಕೆ ನಾನು ಬಿಡೋದಿಲ್ಲ."

ಆ ಮನೆ ಸೇರಿದ ಮೇಲೆ ಮಾವನಿಗೆ ಎದುರಾಡಿದ್ದು ಅದೇ ಮೊದಲು, ಅದೂ ಅಷ್ಟು ಜನರ ಮುಂದೆ. ಅವರು ಸಿಟ್ಟಾಗಲಿಲ್ಲ. ಮಗಳ ಕೈಯಿಂದ ಕೋವಿ ತೆಗೆದುಕೊಂಡರು.

"ಸರಿ. ಮೊದಲು ನಾನು ಹೊಡೀತೀನಿ. ಏನೂ ಆಗದಿದ್ರೆ ಆಮೇಲೆ ಅವಳು. ಆಯ್ತಾ?"

ಆ ಕ್ಷಣ ನನಗೆ ಆದದ್ದು ಸಮಾಧಾನ. ಮಗಳಲ್ಲ, ಸದ್ಯ ಮಗಳಲ್ಲ ಎಂಬ ಸಮಾಧಾನ. ಅದರ ಬೆನ್ನಿಗೇ, ಪೊರೆ ಬಂದ ಕಣ್ಣಿನ ಈ ಮುದುಕರನ್ನು ಅಲ್ಲಿ ನಿಲ್ಲಿಸಿ ನಾನು ಸಮಾಧಾನಪಡುತ್ತಿದ್ದೇನಲ್ಲ ಎಂದು ಮೈಯೆಲ್ಲ ಝುಂ ಎಂದಿತು. ಬೇಡ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಯಾರೋ ನನ್ನ ತೋಳು ಹಿಡಿದು ಹಿಂದಕ್ಕೆ ಎಳೆದುಕೊಂಡರು. ಮಾವ ತೋಟಾ ಹಾಕಿ, ಕೋವಿ ಮುಚ್ಚಿ, ಕೆನ್ನೆಗೆ ಒತ್ತಿಕೊಂಡರು. ನಾನು ಕಣ್ಣು ಮುಚ್ಚಿ ಕಿವಿಗೆ ಕೈ ಒತ್ತಿದೆ. ಢಂ ಎಂದದ್ದು ಕಿವಿಗಿಂತ ಎದೆಗೆ ಹೆಚ್ಚು ತಾಗಿತು.

ಕಣ್ಣು ತೆರೆದಾಗ ಮಾವ ನಿಂತೇ ಇದ್ದರು. ಎರಡೂ ಕೈ ಇದ್ದವು. ಕಾಯಿ ಅಲುಗಾಡದೆ ನೇತಾಡುತ್ತಿತ್ತು, ಸೀಸದ ಕಾಳುಗಳೆಲ್ಲ ಪಕ್ಕದ ಎಲೆಗಳಿಗೆ ಹೋಗಿದ್ದವು. ಎಲ್ಲರೂ ನಕ್ಕರು, ಮಾವನೂ ನಕ್ಕರು. ಹೆಂಗಸರಲ್ಲೊಬ್ಬರು ನನ್ನ ಬೆನ್ನು ತಟ್ಟಿ, ಇನ್ನಾದರೂ ಹೆದರಬೇಡಿ ಎಂದರು. ಮಗಳು ಎರಡೂ ಕೈ ಚಾಚಿ ಮುಂದೆ ಬಂದಳು. ನನ್ನ ವಾದ ಮುಗಿದುಹೋಗಿತ್ತು. ಒಂದು ಸಲ ತಡೆದುಕೊಂಡದ್ದು ಇನ್ನೊಂದು ಸಲವೂ ತಡೆದುಕೊಳ್ಳುತ್ತದೆ ಎಂದು ಏನು ಗ್ಯಾರಂಟಿ ಎಂದು ಕೇಳಬೇಕೆಂದಿದ್ದೆ. ಆದರೆ ಇನ್ನು ಮಾತಾಡಿದರೆ ಹುಚ್ಚಿ ಎನ್ನುತ್ತಿದ್ದರು.

ಮಾವ ಕೋವಿಯನ್ನು ನಡುವೆ ಬಗ್ಗಿಸಿ ತೆರೆದು, ಖಾಲಿ ತೋಟಾ ತೆಗೆದು ಎಸೆದರು. ಹೊಸದನ್ನು ಹಾಕುವ ಮೊದಲು, ಕೋವಿ ಹಿಡಿದಾಗಲೆಲ್ಲ ಮಾಡುತ್ತಿದ್ದ ಹಾಗೆ, ಹೆಬ್ಬೆರಳನ್ನು ನಳಿಗೆಯ ಮೇಲೆ ಬುಡದಿಂದ ತುದಿಗೆ ಎಳೆದರು. ಬೆರಳು ಒಂದು ಕಡೆ ನಿಂತಿತು. ಹಿಂದಕ್ಕೆ ಬಂದು ಮತ್ತೆ ಅಲ್ಲೇ ನಿಂತಿತು. ಅವರ ಮುಖದ ನಗು ಹಾಗೇ ಇತ್ತು, ಕಣ್ಣಿನಲ್ಲಿ ಮಾತ್ರ ಇರಲಿಲ್ಲ. ಕೋವಿಯನ್ನು ತೆರೆದಂತೆಯೇ ತೋಳಿಗೆ ಹಾಕಿಕೊಂಡು ತೋಟದ ಯಜಮಾನರಿಗೆ, ಇದಕ್ಕೆ ವಯಸ್ಸಾಯಿತು, ಹುಡುಗಿಗೆ ನಿಮ್ಮದನ್ನು ಕೊಡಿ, ಎಂದರು. ಮಗಳು ಮುಖ ಊದಿಸಿದಳು. ಹೊಸ ಕೋವಿ ಕೈಗೆ ಬಂದ ಮೇಲೆ ಅದೂ ಮರೆತುಹೋಯಿತು.

ಅವರು ನಾನಿದ್ದಲ್ಲಿಗೆ ಬಂದರು. ಮಾವ ಸೊಸೆಯನ್ನು ಮುಟ್ಟುವುದು ನಮ್ಮಲ್ಲಿ ಇಲ್ಲ. ಅಷ್ಟು ವರ್ಷಗಳಲ್ಲಿ ಮೊದಲ ಸಲ ಅವರು ನನ್ನ ತೋರುಬೆರಳನ್ನು ಹಿಡಿದು ಬಲಗಡೆಯ ನಳಿಗೆಯ ಮೇಲೆ, ಕೆಳಗೆ ಕೂರಿಸಿದ ಮರದ ತುಂಡು ಮುಗಿದು ಸ್ವಲ್ಪ ಮುಂದೆ, ಇಟ್ಟರು. ಅಲ್ಲಿ ಲೋಹ ಊದಿಕೊಂಡಿತ್ತು. ಕಣ್ಣಿಗೆ ಕಾಣದಷ್ಟು, ಬೆರಳಿಗೆ ತಪ್ಪದಷ್ಟು. ನಳಿಗೆ ಇನ್ನೂ ಬಿಸಿಯಾಗಿತ್ತು, ಅವರ ಕೈ ತಣ್ಣಗಿತ್ತು. ಮಗಳು ಅಂಗೈಯಲ್ಲಿ ಹಿಡಿದಿದ್ದು ಆ ಜಾಗವನ್ನೇ.

"ಯಾರಿಗೂ ಹೇಳ್ಬೇಡಮ್ಮ," ಎಂದರು. "ಅವಳಿಗೂ."

ಹಿಂದೆ ಮತ್ತೊಮ್ಮೆ ಢಂ ಎಂದಿತು, ಜನ ಹೋ ಎಂದರು. ನಾನು ಕಿವಿ ಮುಚ್ಚಿಕೊಳ್ಳುವುದನ್ನೂ ಮರೆತಿದ್ದೆ. ಸ್ವಲ್ಪ ಹೊತ್ತಿಗೆ ಮಗಳು ಓಡಿ ಬಂದಳು. ಬಲಗೈಯಲ್ಲಿ ಕೋವಿಯ ಖಾಲಿ ತೋಟಾ, ಎಡಗೈಯಲ್ಲಿ ತಾನು ಒಡೆದ ಕಾಯಿಯ ಒಂದು ಹೋಳು. ಎಡಗೈಯಲ್ಲೇ ಅದನ್ನು ನನ್ನ ಬಾಯಿಯ ಹತ್ತಿರ ತಂದಳು. ಎಡಗೈಯಲ್ಲಿ ಏನೂ ಕೊಡಬಾರದು ಎಂದು ಅವಳನ್ನು ಬೈದು ಬೆಳೆಸಿದವಳು ನಾನು. ಅವತ್ತು ಆ ಮಣಿಕಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಅವಳು ಬಿಡಿಸಿಕೊಳ್ಳುವವರೆಗೂ, ಆ ಕಾಯಿ ತಿಂದೆ.